ಗೋಲಿನ ಹಿಂದೆ ಜವರನಿಗೆ ಜಾಗ

...ಹಾಗೆ, ನಮ್ಮ ಹರೆಯದ ಹೊಣಕೆರೆ ಮ್ಯಾಚಿನ ಫಸ್ಟ್ ಹಾಫ್ ತನಕ ನಿನ್ನೆಯ ಪೋಸ್ಟಿನಲ್ಲಿ ಬರೆದು ನಿಲ್ಲಿಸಿದ್ದೆನಲ್ಲ...
ಉಳಿದದ್ದನ್ನು ಇವತ್ತು ಮುಗಿಸೋಣ ಅಂತ ಬೆಳಗ್ಗೆ ಕಾಫಿ ಲೋಟ ಹಿಡಿದು ಕೂತಿದ್ದೆ.
ಫೋನ್ ಬಂತು.
ನಮ್ಮ ಗೋಲ್‌ಕೀಪರ್ ಜವರ ಇಲ್ಲವಂತೆ.
ಯಾವ ಜವರ ಅಂತ ಕೇಳಿದೆ... ಗೊತ್ತಿದ್ದೂ ಕೇಳಿದೆ.

ಚೆಂಡು ಅವನ ಮುಖಕ್ಕೆ ಬಡಿಯಿತು ಅಂತ ನಾನು ಬರೆದಿದ್ದಕ್ಕೆ ನಿನ್ನೆ ಸಂಜೆ ತಾನೇ ಕಾಮೆಂಟ್ ಹಾಕಿದ್ದಾನೆ. ಬೇಕಾದರೆ ನೋಡಿ.
"ಸುಳ್ ಬರಿಬ್ಯಾಡ ಕಣ್ಲಾ ಪುಟ್ಸಾಮಿ. ನಾನ್ ತಡ್ದಿದ್ದು ಎದೇಲಿ, ಮೂತೀಲಲ್ಲ."
ಇಷ್ಟು ಜೋರಾಗಿ ಜಗಳ ಆಡಿದವನು ಬೆಳಗಾಗುವಷ್ಟರಲ್ಲಿ ಹೇಗೆ ಹೋಗ್ತಾನೆ...
ಅನ್‌ಬಿಲೀವಬಲ್ಲು.

ಹೊಸಬರಿಗೆ ಹೇಳ್ತೀನಿ.
ಕಿರಂಗೂರಿನ ನಾಲೆ ಪಕ್ಕ ಜವರನ ಮನೆಯವರದೊಂದು ಗದ್ದೆ ಇದೆ. ಬೆಳೆ ಕೊಯ್ದ ಮೇಲೆ ನಾಲೆಗೆ ನೀರು ಬಿಡುವವರೆಗೆ ಅದೇ ನಮ್ಮ ಗ್ರೌಂಡು.
ಕೂಳೆ ಸವರಿ, ಎರಡು ಕಡೆ ಬಿದಿರು ನೆಟ್ಟರೆ ಆಯಿತು.
ಗದ್ದೆಯ ಒಂದು ತುದಿ ಎತ್ತರ, ಇನ್ನೊಂದು ತುದಿ ತಗ್ಗು.
ನಾವೆಲ್ಲ ಆ ಇಳಿಜಾರಿನಲ್ಲೇ ಆಟ ಕಲಿತವರು. ಮೇಲಕ್ಕೆ ಹೊಡೆಯುವಾಗ ಜೋರು, ಕೆಳಕ್ಕೆ ಹೊಡೆಯುವಾಗ ಮೆತ್ತಗೆ... ಕಾಲಿಗೆ ಅದೇ ಲೆಕ್ಕ ಕೂತುಬಿಟ್ಟಿತ್ತು.

ಹೊಣಕೆರೆ ಗ್ರೌಂಡು ಹಪ್ಪಳದ ಹಾಗೆ ಸಮ.
ನಾವು ಹೊಡೆದದ್ದೆಲ್ಲ ಒಂದೋ ಗೋಲಿನ ಮೇಲೆ ಹಾರಿಹೋಗೋದು, ಇಲ್ಲ ದಾರಿಯಲ್ಲೇ ನಿಂತುಬಿಡೋದು. ನೋಡುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.
ಹಾಫ್ ಟೈಮಿನಲ್ಲಿ ನಾವು ಬಾಲ್ ಸರಿಯಿಲ್ಲ, ಗಾಳಿ ಸರಿಯಿಲ್ಲ ಅಂತಿದ್ದರೆ ಜವರ ಹೇಳಿದ,
"ನೆಲ ನೆಟ್ಟಗೈತೆ ಕಣ್ರಲಾ. ನಮ್ ಕಾಲೇ ಸೊಟ್ಟಗವೆ. ನೀವ್ ಗೋಲ್ ಹೊಡೀಬ್ಯಾಡಿ, ಬರೀ ಚೆಂಡ್ ಹತ್ರ ಇಟ್ಕಳಿ. ಒಳಿಕ್ ಬುಡ್ದಂಗೆ ನಾನ್ ನೋಡ್ಕತೀನಿ."
ಬಿಡಲಿಲ್ಲ. ಕೊನೆಗೆ ಪೆನಾಲ್ಟಿಯಲ್ಲಿ ಗೆದ್ದೆವು. ಕಪ್ಪನ್ನು ಟ್ರಾಕ್ಟರಿನ ಬಾನೆಟ್ ಮೇಲೆ ಇಟ್ಟುಕೊಂಡು ಪಾಂಡವಪುರದ ಮೇಲೆ ಹಾಯ್ದು ಊರಿಗೆ ಬಂದೆವು.
ಇಷ್ಟೇ ಬರೆಯಬೇಕಾಗಿದ್ದ ಬಾಕಿ ಕಥೆ.

ಹೀ ವಾಸ್ ನಾಟ್ ಓನ್ಲಿ ಗೋಲ್‌ಕೀಪರ್, ಬಟ್ ಆಲ್ಸೋ...
ಮುಂದಿನದು ಕಾಲೇಜಿನಲ್ಲಿ ಕಲಿತಿದ್ದೆ, ಈಗ ಬರ್ತಿಲ್ಲ. ಅವನನ್ನು ಬಲ್ಲವರು ತುಂಬಿಕೊಳ್ಳಿ.

ಜವರಾ...
ನನ್ನ ಹೆಂಡತಿ ಹೋದಾಗ ಎಲ್ಲರೂ ಬಂದು ಸಮಾಧಾನ ಹೇಳಿ ಹೋದರು. ನೀನು ಹೇಳಲಿಲ್ಲ.
ತಿಥಿ ಮುಗಿದ ಸಂಜೆ ಬಾಗಿಲಲ್ಲಿ ನಿಂತು "ನಡೀಲಾ, ಹುಡುಗ್ರು ಆಫ್‌ಸೈಡ್ ಅಂತ ಹೊಡ್ದಾಡ್ತಾವೆ, ಬಂದ್ ನೋಡು" ಅಂದೆ.
ಬದುವಿನ ಮೇಲೆ ನನ್ನನ್ನು ಕೂರಿಸಿದೆ.
ಅಂದಿನಿಂದ ನನ್ನ ಸಂಜೆಗಳೆಲ್ಲ ಆ ಗದ್ದೆಯಲ್ಲೇ ಕಳೆದಿವೆ. ಇಲ್ಲದಿದ್ದರೆ ಟಿವಿ ಮುಂದೆ ಕೂತು ಕೂತು ನಾನು ಯಾವತ್ತೋ ಮುಗಿದುಹೋಗ್ತಿದ್ದೆ ಕಣೋ.
ನಿನಗೆ ಇದನ್ನು ಬಾಯಿಬಿಟ್ಟು ಹೇಳಿದ್ದರೆ ನೀನು ನಗ್ತಿದ್ದೆ... ಅದಕ್ಕೇ ಹೇಳಿರಲಿಲ್ಲ.

ಇನ್ನು ಇವತ್ತಿನ ವಿಷಯ. ಗ್ರೂಪಿನಲ್ಲಿ ಏನೇನೋ ಓಡಾಡ್ತಿದೆ, ಆದ್ದರಿಂದ ನಡೆದದ್ದನ್ನು ನಾನೇ ಬರೀತೀನಿ.

ಜವರನ ಮಗಳು ಹುಬ್ಬಳ್ಳಿಯಿಂದ ಬರಬೇಕು. ಮಣ್ಣು ನಾಳೆ ಬೆಳಗ್ಗೆ.
ನಮ್ಮ ಕಡೆ ಅವರವರ ಜಮೀನಿನಲ್ಲೇ ಮಣ್ಣು ಮಾಡುವುದು. ಅವರ ಬೇರೆ ಹೊಲದಲ್ಲೆಲ್ಲ ಕಬ್ಬು ನಿಂತಿದೆ, ಖಾಲಿ ಇರುವುದು ಈ ಗದ್ದೆ ಒಂದೇ.
ಜವರನ ಅಣ್ಣ ಬೋರಣ್ಣ ಎತ್ತರದ ತುದಿಯಲ್ಲಿ, ನೀರು ನಿಲ್ಲದ ಕಡೆ, ಗುಣಿಗೆ ಗುರುತು ಹಾಕಿಸಿಬಿಟ್ಟಿದ್ದರು.
ಸರಿಯಾಗಿ ಗೋಲಿನ ಬಾಯಿಗೆ.
ಅಲ್ಲಿ ಸಮಾಧಿ ಆದರೆ ಅದನ್ನು ಯಾರು ತುಳೀತಾರೆ? ಆಟ ಅವತ್ತಿಗೇ ಫಿನಿಶ್. ಜವರನ ಜೊತೆ ಟೀಮನ್ನೂ ಮಣ್ಣು ಮಾಡಿದ ಹಾಗೆ.

ನಾನು ಹೋಗಿ ಆ ಗುರುತಿನ ಮೇಲೆ ನಿಂತುಬಿಟ್ಟೆ.
"ಬೋರಣ್ಣ, ಇಲ್ಲಿ ಬ್ಯಾಡ. ಗೋಲ್ ಹಿಂದ್ಕಾಕಿ, ಬದುನ್ ಪಕ್ಕ."
"ಹಿಂದೆ ಟ್ರಾಕ್ಟರ್ ತಿರುಗೋ ಜಾಗ ಕಣಯ್ಯ. ಸತ್ತೋನಿಗಿಂತ ನಿಂಗೆ ಆಟ ಹೆಚ್ಚಾಯ್ತಾ?"
"ಅವ್ನಿಗೇ ಹೆಚ್ಚಾಗಿತ್ತು."
"ಪಕ್ಕುಕ್ ಸರ್ಕಳ್ಲಾ."
ನಾನು ಸರಿಯಲಿಲ್ಲ.
ಹಳೇ ಟೀಮಿನವರು ಒಬ್ಬೊಬ್ಬರೇ ಬಂದು ನನ್ನ ಪಕ್ಕ ನಿಂತರು... ಮಂಡಿ ನೋವಿನವರು, ಶುಗರ್ ಇರುವವರು... ಫ್ರೀ ಕಿಕ್ಕಿಗೆ ವಾಲ್ ಕಟ್ಟಿದ ಹಾಗೆ.
ಕೊನೆಗೆ ಬೋರಣ್ಣನೇ, "ನಂಗ್ಯಾಕಪ್ಪ ನಿಷ್ಠೂರ. ನಡೀರಿ, ಜಯಮ್ಮುನ್ನೇ ಕೇಳವ" ಅಂದರು.

ಜಯಮ್ಮ ಗಂಡನ ತಲೆಯ ಹತ್ತಿರ ಕೂತಿದ್ದರು. ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡರು.
ಬೋರಣ್ಣ, "ಹಿಂದುಕ್ಕಾಕುದ್ರೆ ಚೆಂಡು ಬಂದು ಮೇಲೇ ಬೀಳ್ತದೆ ಕಣವ್ವ" ಅಂದರು.
"ಬೀಳ್ಲಿ ಬುಡಿ ಬಾವ," ಅಂದರು ಜಯಮ್ಮ. "ಗೋಲಿನ್ ಹಿಂದುಕ್ಕೇ ಹಾಕಿ. ಹುಡುಗ್ರು ಕೈ ಬುಟ್ಟಿದ್ ಚೆಂಡ್ನ ಅವ್ರು ಹಿಡ್ಕತಾರೆ."
ಬೋರಣ್ಣ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಎದ್ದರು.
"ಆಯ್ತು. ಟ್ರಾಕ್ಟರು ಆ ಕಡೆಯಿಂದ್ಲೇ ತಿರುಗ್ಲಿ."

ಆದ್ದರಿಂದ ಫ್ರೆಂಡ್ಸ್, ಟೀಮು ಮುಗಿಯಿತು ಅಂತ ಯಾರೂ ಬರೆಯಬೇಡಿ. ಬರೆದವರು ಅಳಿಸಿ.
ಕೆ.ಆರ್. ಪೇಟೆ ಕಡೆಯವರು, ನಾಗಮಂಗಲದವರು, ನಮ್ಮ ಜೊತೆ ಆಡಿದವರು, ನಮ್ಮ ಮೇಲೆ ಆಡಿದವರು... ನಾಳೆ ಬೆಳಗ್ಗೆ ಬನ್ನಿ. ಹಾರ ಬೇಡ, ಒಂದೊಂದು ಹಿಡಿ ಮಣ್ಣು ಹಾಕಿ.
ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೇ ಸಂಜೆಯೇ ಪ್ರಾಕ್ಟೀಸು. ನೀರು ಬಿಡುವುದರೊಳಗೆ ಒಂದು ಮ್ಯಾಚಾದರೂ ಆಡೇ ಆಡ್ತೀವಿ. ನಾನು ಜವಾಬ್ದಾರಿ.
ಗೋಲಿಗೆ ಯಾರು ನಿಲ್ಲೋದು ಅಂತ ಈಗಲೇ ಕೇಳಬೇಡಿ...

ಬದುವಿನ ಮೇಲೆ ಕೂತು ಬರೀತಿದ್ದೇನೆ. ಅಕ್ಷರ ಕಾಣ್ತಿಲ್ಲ ಅಂತ ಕಣ್ಣುಜ್ಜಿಕೊಂಡೆ... ಕಣ್ಣಲ್ಲ, ಹೊತ್ತು ಮುಳುಗ್ತಾ ಇದೆ.
ಗುಣಿ ತೋಡುವವರು ಗುದ್ದಲಿ ಹಿಡಿದು ಕಾಯ್ತಿದ್ದಾರೆ. ಬೆಳಕಿರುವಾಗಲೇ ಜಾಗ ಅಳೆದು ತೋರಿಸಬೇಕು.

ನಿನ್ನ ಜೀವ ತಣ್ಣಗಿರಲಿ ಜವರಾ.
ಹೋಗಿ ಬಾ.