ಬೇಸಿಗೆಯಲ್ಲಿ ಒದ್ದೆಯಾದ ಜಲ್ಲಿ

ಅಂಜಿನಮ್ಮ ರೈಲ್ವೆಗೆ ಸೇರಿದಾಗ ಅವರಿಗೆ ಮೂವತ್ತೆರಡು ವರ್ಷ. ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದ ಗಂಡ ಶಿವಲಿಂಗಯ್ಯ ಕಾಮಾಲೆಯಾಗಿ ತೀರಿಕೊಂಡ ಮೇಲೆ ಅನುಕಂಪದ ಆಧಾರದ ಮೇಲೆ ಸಿಕ್ಕ ನೌಕರಿ ಅದು. ಹೆಂಗಸರಿಗೆ ಹಳಿಯ ಕೆಲಸ ಕಷ್ಟವೆಂದು ಅವರನ್ನು ಆಫೀಸಿನಲ್ಲಿ ಫೈಲು ಎತ್ತಿಡಲು ಕೂರಿಸಿದರು. ಎಂಟು ತಿಂಗಳು ಕಳೆದ ಮೇಲೆ ಅವರೇ ಹೋಗಿ ತಮ್ಮನ್ನು ಗ್ಯಾಂಗಿಗೆ ಹಾಕಿ ಎಂದು ಕೇಳಿದರು.

"ಯಾಕಮ್ಮ, ಇಲ್ಲಿ ನೆರಳಿದೆ, ಫ್ಯಾನಿದೆ" ಎಂದರು ಗುಮಾಸ್ತರು.

"ಹಳಿ ನೋಡ್ಕೊಳ್ಳೋಕೆ ಅಲ್ವಾ ಸಾರ್ ಕೆಲಸ ಕೊಟ್ಟಿರೋದು. ಅದನ್ನೇ ಮಾಡ್ತೀನಿ."

ಗ್ಯಾಂಗಿನ ಮುಖ್ಯಸ್ಥ ಪಂಚಾಕ್ಷರಯ್ಯ ಮೊದಲ ವಾರ ಅವರೊಡನೆ ಸರಿಯಾಗಿ ಮಾತೂ ಆಡಲಿಲ್ಲ. ಎರಡನೇ ವಾರ ಹಳಿಯಡಿಗೆ ಜಲ್ಲಿ ಕುಟ್ಟಿ ಕೂರಿಸುವಾಗ ಅಂಗೈ ಬೊಬ್ಬೆ ಒಡೆದು ರಕ್ತ ಬಂದರೂ ಆಕೆ ಬಟ್ಟೆ ಸುತ್ತಿಕೊಂಡು ಮುಂದುವರಿಸಿದ್ದನ್ನು ನೋಡಿ, "ಹಿಡಿಯನ್ನ ಹಂಗೆ ಬಿಗಿ ಹಿಡೀಬೇಡಮ್ಮ, ಸಡಿಲ ಬಿಡು" ಎಂದರು. ಅಲ್ಲಿಂದ ಪಾಠ ಶುರುವಾಯಿತು. ಆರು ವರ್ಷದ ಮೇಲೆ ಪರೀಕ್ಷೆ ಬರೆದು ಅಂಜಿನಮ್ಮ ಕೀಮ್ಯಾನ್ ಆದರು. ಹುದ್ದೆಯ ಹೆಸರು ಗಂಡಸಿನದು. ಅದನ್ನು ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಕೀಮ್ಯಾನ್ ಕೆಲಸವೆಂದರೆ ನಡೆಯುವುದು. ಮಲ್ಲೇಶ್ವರ ಸ್ಟೇಷನ್ನಿನ ಎರಡೂ ಕಡೆ ಸೇರಿ ಐದು ಕಿಲೋಮೀಟರ್ ಅವರ ಪಾಲಿನದು. ವೈಯಾಲಿಕಾವಲ್‌ನ ಬಾಡಿಗೆ ಮನೆಯಿಂದ ಆರಕ್ಕೆ ಹೊರಟು, ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್, ಕೆಂಪು, ಹಸಿರು ಎರಡು ಬಾವುಟ ಹೊತ್ತು ಒಂದು ಹಳಿ ನೋಡುತ್ತಾ ಹೋಗಿ, ಇನ್ನೊಂದನ್ನು ನೋಡುತ್ತಾ ಬರಬೇಕು. ಸಡಿಲವಾದ ಕ್ಲಿಪ್ಪನ್ನು ಹೊಡೆದು ಕೂರಿಸಬೇಕು, ಬೋಲ್ಟು ಬಿಗಿಯಬೇಕು, ಬಿರುಕಿದೆಯೇ ಎಂದು ಬಗ್ಗಿ ನೋಡಬೇಕು.

ಕಳೆದ ವರ್ಷ ಫೆಬ್ರವರಿಯಲ್ಲಿ, ತಿರುವಿನ ಹತ್ತಿರ ಹಳಿ ಹೊರುವ ಅಡ್ಡದಿಮ್ಮಿಗಳಾದ ನಾಲ್ಕು ಸ್ಲೀಪರುಗಳ ಸುತ್ತ ಜಲ್ಲಿ ಒದ್ದೆಯಾಗಿರುವುದು ಅವರ ಕಣ್ಣಿಗೆ ಬಿತ್ತು. ಮಳೆ ಬಂದು ಎರಡು ತಿಂಗಳಾಗಿತ್ತು. ಹತ್ತಿರದಲ್ಲಿ ನಲ್ಲಿಯಿಲ್ಲ, ಪೈಪಿಲ್ಲ. ಒಂದು ರೈಲು ಹೋಗುವವರೆಗೆ ದೂರ ನಿಂತು ನೋಡಿದರು. ಗಾಲಿ ಹಾದಂತೆಲ್ಲ ಜಲ್ಲಿಯ ಸಂದಿನಿಂದ ಬೂದು ಬಣ್ಣದ ಕೆಸರು ಮೇಲೆ ಉಕ್ಕಿ ಒಳಗೆ ಇಳಿಯುತ್ತಿತ್ತು.

ಆ ಭಾಗದ ಇಂಜಿನಿಯರ್ ವೇಣುಗೋಪಾಲ್ ಅವರಿಗೆ ಹೇಳಿದರು. ಅವರು ಮರುದಿನವೇ ಬಂದು ಅಳೆದರು, ಗ್ಯಾಂಗಿನಿಂದ ಜಲ್ಲಿ ಕುಟ್ಟಿಸಿದರು. ಅಳತೆಯೆಲ್ಲ ಸರಿ ಬಂತು. ಆದರೆ ಮೂರನೇ ದಿನ ಜಲ್ಲಿ ಮತ್ತೆ ಒದ್ದೆ.

"ರೈಲು ಇಲ್ದಾಗ ಅಳೆದ್ರೆ ಸರಿಯಾಗೇ ಇರತ್ತೆ ಸಾರ್" ಎಂದರು ಅಂಜಿನಮ್ಮ. "ರೈಲು ಮೇಲಿದ್ದಾಗ ಹಳಿ ಎಷ್ಟು ಕೆಳಗೆ ಕೂರತ್ತೆ ಅನ್ನೋದು ಗೊತ್ತಾಗ್ಬೇಕು."

ಮರುದಿನ ಬೆಳಿಗ್ಗೆ ಚಪಾತಿಗೆ ಕಲಸಿದ ಹಿಟ್ಟಿನಲ್ಲಿ ಒಂದು ಉಂಡೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡರು. ಕಾಲೇಜಿಗೆ ಹೋಗುವ ಮಗಳು ಮೋನಿಷಾಳ ಸ್ಕೇಲನ್ನೂ ತೆಗೆದುಕೊಂಡರು. ಹಳಿಯ ತಳದ ಕೆಳಗೆ ಹಿಟ್ಟಿನ ಉಂಡೆಯಿಟ್ಟು, ಅದರಲ್ಲಿ ಊದುಬತ್ತಿಯ ಕಡ್ಡಿಯ ತುಂಡನ್ನು ಹಳಿಗೆ ತಾಗುವಂತೆ ನೆಟ್ಟರು. ರೈಲು ಹೋದಾಗ ಹಳಿ ಕೂತು ಕಡ್ಡಿಯನ್ನು ಹಿಟ್ಟಿನೊಳಕ್ಕೆ ಒತ್ತಿತು. ರೈಲು ದಾಟಿದ ಮೇಲೆ ಹಳಿ ಎದ್ದಿತು, ಕಡ್ಡಿ ಕೆಳಗೇ ಉಳಿಯಿತು. ನಡುವಿನ ಅಂತರ ಐದು ಮಿಲಿಮೀಟರ್. ವಾರದ ಮೇಲೆ ಎಂಟು. ಅದಾದ ನಾಲ್ಕು ದಿನಕ್ಕೆ ಹನ್ನೊಂದು.

ವೇಣುಗೋಪಾಲ್ ನಗಲಿಲ್ಲ, ಆದರೆ ತಲೆ ಕೆರೆದುಕೊಂಡರು. "ಚಪಾತಿ ಹಿಟ್ಟಿನ ಲೆಕ್ಕ ತೋರ್ಸಿ ಲೈನ್ ನಿಲ್ಸಿ ಅಂತ ಮೇಲಿನವ್ರನ್ನ ಹೇಗೆ ಕೇಳ್ಲಿ, ಅಂಜಿನಮ್ಮ? ಇನ್ನೊಂದ್ಸಲ ಕುಟ್ಟಿಸ್ತೀನಿ. ಅಗೆಯೋಕೂ ಪರ್ಮಿಷನ್ ಕೇಳ್ತೀನಿ."

"ಕೇಳಿ ಸಾರ್. ನಾನು ದಿನಾ ಅಳೀತೀನಿ."

ಅನುಮತಿ ಬರುವ ಮೊದಲೇ ಮಾರ್ಚ್ ಮೊದಲ ವಾರದ ಬೆಳಿಗ್ಗೆ ಏಳೂವರೆಗೆ ಒಂದು ರೈಲು ದಾಟಿದ ಮೇಲೆ ಅಂಜಿನಮ್ಮ ಬಗ್ಗಿ ನೋಡಿದರು. ಕಡ್ಡಿ ಪೂರ್ತಿ ಹಿಟ್ಟಿನೊಳಗೆ ಹೋಗಿತ್ತು. ಅವರು ನಿಂತಿದ್ದ ಕಡೆಯೇ ಒಂದು ಬೊಗಸೆ ಜಲ್ಲಿ ಸರಸರನೆ ಒಳಕ್ಕೆ ಜಾರಿತು. ಕೆಳಗೆಲ್ಲೋ ನೀರಿಗೆ ಬಿದ್ದ ಸದ್ದು ಕೇಳಿಸಿತು.

ಸ್ಟೇಷನ್ನಿಗೆ ಫೋನು ಮಾಡಿದರು. ಮುಂದಿನ ಗಾಡಿ ಆಗಲೇ ಹೊರಟಾಗಿತ್ತು. ಅಲ್ಲೇ ಕೆಂಪು ಬಾವುಟ ನೆಟ್ಟು, ಕೊರಳಿಗೆ ಸುತ್ತಿದ್ದ ಕೆಂಪು ವಸ್ತ್ರವನ್ನು ಹಸಿರು ಬಾವುಟದ ಕೋಲಿಗೆ ಕಟ್ಟಿಕೊಂಡು ಗಾಡಿ ಬರುವ ದಿಕ್ಕಿಗೆ ಓಡಿದರು. ಆರುನೂರು ಮೀಟರ್ ದೂರದಲ್ಲಿ, ಚೀಲದಲ್ಲಿದ್ದ, ಗಾಲಿ ಹತ್ತಿದರೆ ಸಿಡಿಯುವ ಎಚ್ಚರಿಕೆಯ ಪಟಾಕಿಯೊಂದನ್ನು ಹಳಿಗೆ ಕಟ್ಟಿದರು. ಇನ್ನೂ ಮುಂದೆ ಓಡುವಾಗ ಸ್ಲೀಪರಿಗೆ ಎಡವಿ ಬಿದ್ದರು, ಮಂಡಿಯ ಚರ್ಮ ಕಿತ್ತುಹೋಯಿತು. ಎದ್ದರು. ಮುಂದಿನ ತಿರುವಿನಲ್ಲಿ ಇಂಜಿನ್ನಿನ ದೀಪ ಕಂಡಾಗ ಹಳಿಯ ಪಕ್ಕಕ್ಕೆ ಸರಿದು ಎರಡೂ ಕೈ ಎತ್ತಿ ಕೆಂಪು ವಸ್ತ್ರವನ್ನು ಬೀಸಿದರು. ಬ್ರೇಕು ಕಿರುಚಿತು. ಗಾಡಿ ಅವರನ್ನು ದಾಟಿ, ಪಟಾಕಿ ಸಿಡಿಸಿ, ನೆಟ್ಟ ಬಾವುಟಕ್ಕೆ ಇನ್ನೂರು ಮೀಟರ್ ಇರುವಾಗ ನಿಂತಿತು.

ಕುಂಟುತ್ತಾ ಇಂಜಿನ್ ತನಕ ಬಂದಾಗ ಡ್ರೈವರ್ ತಲೆ ಹೊರಹಾಕಿದ್ದರು. "ಏನಾಯ್ತಮ್ಮ?"

"ಕೆಳಗೆ ನೆಲ ಟೊಳ್ಳಾಗಿದೆ. ಮುಂದೆ ಹೋಗ್ಬೇಡಿ."

"ಹಳಿ ಸರಿಯಾಗೇ ಕಾಣ್ತಿದೆಯಲ್ಲ."

"ಕಾಣತ್ತೆ. ಹೋಗ್ಬೇಡಿ."

ಆಫೀಸಿಗೆ ಹೊರಟಿದ್ದ ಜನ ಬಾಗಿಲುಗಳಲ್ಲಿ ನಿಂತು ಗೊಣಗಿದರು. ಯಾರೋ ವೀಡಿಯೋ ಮಾಡಿಕೊಂಡರು. ಇಪ್ಪತ್ತೈದು ನಿಮಿಷ ಅಂಜಿನಮ್ಮ ಇಂಜಿನ್ನಿನ ಮುಂದಿನಿಂದ ಕದಲಲಿಲ್ಲ. ತಾನೇನಾದರೂ ತಪ್ಪು ಕೇಳಿಸಿಕೊಂಡೆನೇ ಎಂದು ಒಳಗೆ ಒಮ್ಮೆ ಅನ್ನಿಸಿತಂತೆ. ಆಗ ಹನ್ನೊಂದು ಮಿಲಿಮೀಟರನ್ನು ನೆನೆದುಕೊಂಡೆ ಎಂದು ಆಮೇಲೆ ಹೇಳಿದರು.

ವೇಣುಗೋಪಾಲ್ ಪಂಚಾಕ್ಷರಯ್ಯನವರ ಜೊತೆ ಓಡೋಡಿ ಬಂದರು. ಪಂಚಾಕ್ಷರಯ್ಯ ಹಾರೆಯನ್ನು ಜಲ್ಲಿಯೊಳಕ್ಕೆ ಚುಚ್ಚಿದರು. ಒಂದಡಿ ಹೋದ ಮೇಲೆ ತಡೆಯೇ ಇರಲಿಲ್ಲ. ಹಾರೆ ಕೈ ಜಾರಿ ಪೂರ್ತಿ ಒಳಗೆ ಹೋಯಿತು. ವೇಣುಗೋಪಾಲ್ ಫೋನು ತೆಗೆದು ಎರಡೂ ಲೈನು ನಿಲ್ಲಿಸಲು ಹೇಳಿದರು.

ಅಗೆದಾಗ ಸಿಕ್ಕಿದ್ದು ಒಳಗೆ ನೀರು ಹರಿಯುತ್ತಲೇ ಇದ್ದ, ಯಾವ ನಕ್ಷೆಯಲ್ಲೂ ಇಲ್ಲದ ಕಲ್ಲುಚಪ್ಪಡಿಯ ಹಳೆಯ ಮೋರಿ. ಒಂದು ಚಪ್ಪಡಿ ಮುರಿದು ವರ್ಷಗಳಿಂದ ಮಣ್ಣು ಕೊಚ್ಚಿ ಹೋಗಿ, ಹಳಿಯ ಕೆಳಗೆ ಆಟೋ ಹಿಡಿಸುವಷ್ಟು ಜಾಗ ಖಾಲಿಯಾಗಿತ್ತು. ಕಾಂಕ್ರೀಟ್ ಪೈಪು ಕೂರಿಸಿ ತುಂಬಲು ನಾಲ್ಕು ದಿನ ಹಿಡಿಯಿತು. ಮಂಡಿಗೆ ಪಟ್ಟಿ ಕಟ್ಟಿಕೊಂಡು ಅಂಜಿನಮ್ಮ ನಾಲ್ಕೂ ದಿನ ಅಲ್ಲಿದ್ದರು. ಮೊದಲ ರೈಲು ನಿಧಾನವಾಗಿ ದಾಟಿದಾಗ ಹಳಿ ಎರಡು ಮಿಲಿಮೀಟರ್ ಕೂತಿತು. ಅವರು ಅದನ್ನು ಬರೆದುಕೊಂಡರು.

ಮುಂದಿನ ವಾರ ಅವರಿಗೆ ಎರಡು ಕಾಗದ ಬಂದವು. ಒಂದು ಪ್ರಶಂಸಾಪತ್ರ. ಇನ್ನೊಂದು, ಗಾಡಿ ನಿಂತಾಗಲೆಲ್ಲ ರೂಢಿಯಂತೆ ಬರುವ ವಿವರಣೆ ಕೇಳುವ ಪತ್ರ. ಅಡುಗೆಮನೆಯ ಕಟ್ಟೆಯ ಮೇಲೆ ಕಾಗದವಿಟ್ಟು ಅದಕ್ಕೆ ಸ್ವಂತ ಕೈಯಲ್ಲಿ ಉತ್ತರ ಬರೆದರು: "ಹಳಿಯ ಕೆಳಗೆ ನೆಲ ಕುಸಿಯುತ್ತಿತ್ತು. ಆದ್ದರಿಂದ ಗಾಡಿ ನಿಲ್ಲಿಸಿದೆನು. ಮತ್ತೆ ಹಾಗೆ ಕಂಡರೆ ಮತ್ತೆ ನಿಲ್ಲಿಸುತ್ತೇನೆ."

ಮೋನಿಷಾ ಓದಿ ನೋಡಿದಳು. "ಕೊನೇ ಲೈನ್ ತೆಗ್ದುಬಿಡಮ್ಮ. ಎದುರು ಮಾತಾಡ್ದಂಗಿದೆ."

"ಇರ್ಲಿ ಬಿಡು" ಎಂದು ಅಂಜಿನಮ್ಮ ಸಹಿ ಹಾಕಿದರು.