ಎಣಿಸದೆ ಕಂಡದ್ದು

ಬಯಲುಸೀಮೆಯ ಹುಲಿಕುಂಟೆಯಲ್ಲಿ ಬಸ್ಸಿಳಿದವಳು ಕಣ್ಣು ಮುಚ್ಚಿಕೊಂಡೆ. ಅಷ್ಟೊಂದು ಆಕಾಶವನ್ನು ಕಡಲಿನ ಮೇಲೆ ಬಿಟ್ಟರೆ ನಾನು ಬೇರೆಲ್ಲೂ ಕಂಡಿರಲಿಲ್ಲ. ನಮ್ಮ ಹೊನ್ನಾವರದಲ್ಲಿ ಹತ್ತು ಮಾರು ನೋಡುವುದರೊಳಗೆ ಒಂದು ತೆಂಗಿನಮರ ಅಡ್ಡ ಬರುತ್ತದೆ. ಇಲ್ಲಿ ಏನೂ ಅಡ್ಡವಿಲ್ಲ, ಆದರೂ ನನಗೆ ಏನೂ ಕಾಣುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹೈಸ್ಕೂಲಿಗೆ ಡ್ರಾಯಿಂಗ್ ಟೀಚರಾಗಿ ಬಂದಿದ್ದೆ. ಚಪ್ಪಡಿ ಕಲ್ಲಿನ ಸೂರಿನ ಕೋಣೆಯನ್ನು ಬಾಡಿಗೆಗೆ ಕೊಟ್ಟವರು ಕುರಿ ಸಾಕುವ ಕೆಂಚಮ್ಮ. ಮೀನುಸಾರಿನಲ್ಲಿ ಅನ್ನ ಕಲಸಿ ಉಂಡು ಬೆಳೆದ ನನಗೆ ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಸಿದವರೂ ಅವರೇ. ಭಾನುವಾರಗಳಲ್ಲಿ ಒಬ್ಬಳೇ ಕೂತು ಅತ್ತದ್ದೂ ಉಂಟು.

ಒಂದು ಸಂಜೆ ಅವರ ಮಂದೆ ರೊಪ್ಪಕ್ಕೆ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಗೆ, ನುಗ್ಗಿತು. ನನಗೆ ಕಂಡದ್ದು ಧೂಳು ಮತ್ತು ಕರಿ ಉಣ್ಣೆ. ಕೆಂಚಮ್ಮ ಒಮ್ಮೆ ಕಣ್ಣಾಡಿಸಿ, ಗಬ್ಬದ ಕುರಿ ಬಂದಿಲ್ಲ ಎಂದರು. ಗುಡ್ಡದಲ್ಲಿ ತೋಳದ ಕಾಟ. ಕತ್ತಲಾದರೆ ಕುರಿಯೂ ಇಲ್ಲ, ಹೊಟ್ಟೆಯ ಮರಿಯೂ ಇಲ್ಲ. ಎಣಿಸದೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಮಕ್ಳು ಉಣ್ಣಕ್ ಕುಂತಾಗ ಎಣಿಸ್ತೀರೇನ್ ಟೀಚರಮ್ಮ? ಒಂದಿಲ್ದಿದ್ರೆ ಆ ಜಾಗವೇ ಕಾಣ್ತೈತೆ."

ಬೆರಗಾಗಿ ನಿಂತುಬಿಟ್ಟೆ. ಡ್ರಾಯಿಂಗ್ ಪರೀಕ್ಷೆಗೆ ನಾನು ಗೆಸ್ಟಾಲ್ಟ್ ಎಂಬ ಜರ್ಮನ್ ಮಾತನ್ನು ಬಾಯಿಪಾಠ ಮಾಡಿದ್ದೆ. ಕಣ್ಣಿಗೆ ಬಿಡಿಗಿಂತ ಮೊದಲು ಇಡೀ ರೂಪ ಕಾಣುತ್ತದೆ, ಹತ್ತಿರ ಇರುವುದನ್ನೂ ಒಂದೇ ಥರ ಇರುವುದನ್ನೂ ಅದು ತಾನಾಗಿ ಗುಂಪು ಮಾಡಿಕೊಳ್ಳುತ್ತದೆ, ಅಂತೆಲ್ಲ. ಅಂಕ ಬಂದಿತ್ತು, ನೋಡುವುದು ಬಂದಿರಲಿಲ್ಲ.

ಇಬ್ಬರೂ ಗುಡ್ಡಕ್ಕೆ ಓಡಿದೆವು. ಇಳಿಜಾರಿನ ತುಂಬ ಕುರಿ ಗಾತ್ರದ ಕಪ್ಪು ಗುಂಡುಕಲ್ಲುಗಳು. ಕೆಂಚಮ್ಮ ಕೂಗಿದರು, ಉತ್ತರವಿಲ್ಲ. ನನಗೆ ಕಲ್ಲುಗಳೆಲ್ಲ ಒಂದೇ ಮಂದೆಯಾಗಿ ಕಂಡವು. ಆಮೇಲೆ ಕಲ್ಲುಗಳನ್ನು ಬಿಟ್ಟು, ಚಿತ್ರ ಬರೆಯುವಾಗ ಮಾಡುವಂತೆ, ಅವುಗಳ ನಡುವಿನ ಖಾಲಿ ಜಾಗದ ಆಕಾರವನ್ನು ನೋಡುತ್ತ ಬಂದೆ. ಒಂದು ಕಡೆ ಅಂಚು ಕಲ್ಲಿನಂತೆ ಗಟ್ಟಿಯಾಗಿರಲಿಲ್ಲ, ಮೆತ್ತಗಿತ್ತು. ಅಲ್ಲಿಗೆ ಬೊಟ್ಟು ಮಾಡಿದೆ.

ಕುರಿ ಮಲಗಿತ್ತು, ಪಕ್ಕದಲ್ಲಿ ಒದ್ದೆ ಮರಿ. ಕೆಂಚಮ್ಮ ಅದನ್ನು ಕಂಬಳಿಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು.

"ನಿಮ್ ಕಣ್ಣೂ ಪಳಗ್ತು ಕಣಮ್ಮ," ಎಂದರು.

ನಾನು ಆ ಊರಿಗೆ ಸೇರಿದ್ದು ಅವತ್ತು.

ಬೇಸಿಗೆ ರಜೆಗೆ ಹೊನ್ನಾವರಕ್ಕೆ ಬಂದೆ. ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ಸಾಲಿನಲ್ಲಿ ಯಾರೋ ಇಲ್ಲ ಅನ್ನಿಸಿತು. ಎಣಿಸಿದೆ, ಎಲ್ಲರೂ ಇದ್ದರು. ಅಲ್ಲಿ ಕೆಂಚಮ್ಮನ ಕಣ್ಣಿಗೂ ಈಗ ನನ್ನ ಜಾಗ ಕಾಣುತ್ತಿರಬಹುದು ಎಂದುಕೊಳ್ಳುತ್ತ ಊಟ ಮಾಡುತ್ತಿದ್ದೆ. ಅನ್ನವನ್ನು ಹಾಗೆ ನುಂಗಬೇಡ, ಅಗಿದು ಉಣ್ಣು ಎಂದು ಅಮ್ಮ ಗದರಿದರು.