ಮೇಲೆ ನೋಡಿ ಕಾಲಿಡುತ್ತಿದ್ದ ಕಾಕಾ

ಅವರ ಕೊರಳು ಮುಖಕ್ಕಿಂತ ಕಪ್ಪಗಿತ್ತು. ಗದ್ದದ ಕೆಳಗೆ, ಸಾಮಾನ್ಯವಾಗಿ ಯಾರಿಗೂ ಬಿಸಿಲು ತಾಗದ ಜಾಗದಲ್ಲಿ, ಚರ್ಮ ಸುಟ್ಟು ಗಟ್ಟಿಯಾಗಿ ಹಳೆಯ ಚಪ್ಪಲಿಯ ತೊಗಲಿನಂತಾಗಿತ್ತು. ವರ್ಷಗಟ್ಟಲೆ ತಲೆ ಎತ್ತಿ ನೋಡುತ್ತಲೇ ದುಡಿದ ಮನುಷ್ಯನಿಗೆ ಬಿಸಿಲು ಬೀಳುವುದು ಅಲ್ಲೇ. ಯಾರ ಮನೆಗೆ ಹೋದರೂ ಹೊಸ್ತಿಲ ಹೊರಗೆ ಒಂದು ಗಳಿಗೆ ನಿಲ್ಲುವರು, ತೊಲೆ, ಜಂತಿ ಎಲ್ಲ ಒಮ್ಮೆ ನೋಡುವರು, ಆಮೇಲೆ ಒಳಗೆ ಕಾಲಿಡುವರು. ಬಳಿಚಕ್ರದ ನಮ್ಮ ಮನೆಗೆ ಮೊದಲ ಸಲ ಬಂದಾಗ ನಮ್ಮಪ್ಪನ ತಾಯಿ, ನಾವು ಆಯಿ ಅನ್ನುತ್ತಿದ್ದವಳು, ಇದನ್ನು ಕಂಡು ನನ್ನ ಕಿವಿಯಲ್ಲಿ, "ಏನ್ ನೋಡ್ತಾನವ್ವ ಇಂವಾ? ನಮ್ಮ ಮನಿ ಬೀಳ್ತದಂತೇನು?" ಎಂದು ಕೇಳಿದಳು. ಅವರಿಗೂ ಕೇಳಿಸಿತು. "ಬೀಳಂಗಿಲ್ಲವ್ವ, ಗಟ್ಟಿ ಅದ," ಎಂದು ನಕ್ಕು ಒಳಗೆ ಬಂದರು.

ನೆಲ ಕೊರೆದು ಎಣ್ಣೆ ಹುಡುಕುವ ಕಂಪನಿಯೊಂದರಲ್ಲಿ ಅವರು ಡ್ರಿಲ್ಲರ್ ಆಗಿದ್ದರು. ಕೊರೆಯುವ ಎತ್ತರದ ಗೋಪುರಕ್ಕೆ ರಿಗ್ ಎನ್ನುತ್ತಾರೆ. ಅದರ ಬುಡದಲ್ಲಿ ನಿಂತು ಎಷ್ಟು ಒತ್ತಬೇಕು, ಯಾವಾಗ ನಿಲ್ಲಿಸಬೇಕು ಎಂದು ನಿರ್ಧರಿಸುವವರು ಡ್ರಿಲ್ಲರ್. ರಿಗ್ಗಿನಲ್ಲಿ ಎಲ್ಲರಿಗೂ ಅವರು ಉಸ್ತಾದ್, ನನಗೆ ಮಾತ್ರ ಕಾಕಾ. ಹುಟ್ಟಿದ್ದು ಶಿರವಾಳದಲ್ಲಿ. ಏಳನೆಯ ಇಯತ್ತೆ ಎರಡು ಸಲ ಫೇಲಾಗಿ, ಕಕ್ಕೇರಾ ಕಡೆ ಬೋರ್‌ವೆಲ್ ಹಾಕುತ್ತಿದ್ದ ಲಾರಿಯ ಮೇಲೆ ಪೈಪು ಎತ್ತಲು ಸೇರಿ, ಅಲ್ಲಿಂದ ಅದು ಹೇಗೋ ರಾಜಸ್ಥಾನದ ಮರಳಿಗೆ ಹೋಗಿ ಮುಟ್ಟಿದವರು. "ನೀರು ಹುಡುಕ್ಕೋತ ಹೋದಾಂವ ಎಣ್ಣಿಗಿ ಬಿದ್ದೆ ನೋಡು," ಎನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡಿದ್ದು ಶಹಾಪುರದಲ್ಲಿ, ಡಿಪ್ಲೊಮಾದ ಕೊನೆಯ ವರ್ಷದಲ್ಲಿ. ನಮ್ಮ ಕಡೆಯ ಹುಡುಗರು ಬಿಸಿಲಿಗೆ ಹೆದರುವುದಿಲ್ಲ ಎಂದು ಯಾರೋ ಹೇಳಿರಬೇಕು, ಕಂಪನಿ ನಮ್ಮ ಕಾಲೇಜಿಗೆ ಆಯ್ಕೆಗೆಂದು ಬಂದಿತ್ತು. ಮೂವರು ಸಾಹೇಬರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದರು. ಮೇಜಿನ ಕೊನೆಗೆ ಇವರು, ಇಸ್ತ್ರಿ ಮಾಡಿದ ಅಂಗಿಯೊಳಗೆ ಸಿಕ್ಕಿಹಾಕಿಕೊಂಡವರಂತೆ, ಕಿಟಕಿಯಾಚೆಗಿನ ಮಲಗಿದ ಬುದ್ಧನ ಬೆಟ್ಟ ನೋಡುತ್ತ ಕೂತಿದ್ದರು. ನಿದ್ದೆ ಮಾಡುತ್ತಿದ್ದಾರೆಂದೇ ನಾನು ತಿಳಿದಿದ್ದೆ. ಎಲ್ಲ ಮುಗಿದು ಏಳುವಾಗ ಕನ್ನಡದಲ್ಲಿ ಕೇಳಿದರು: "ನಿಮ್ಮ ಮನ್ಯಾಗ ಹಿರೇರು ತಪ್ಪು ಮಾಡಿದ್ರ ಯಾರು ಹೇಳ್ತಾರವ್ವ?"

"ಯಾರೂ ಹೇಳಂಗಿಲ್ರಿ," ಎಂದೆ.

ಸಾಹೇಬರಿಗೆ ತರ್ಜುಮೆ ಮಾಡಿ ಹೇಳಿದಾಗ ಅವರು ನಕ್ಕರು. ಕಾಕಾ ನಗಲಿಲ್ಲ. "ಖರೇ ಹೇಳ್ಯಾಳ. ಈಕಿನ್ನ ತಗೋರಿ," ಎಂದರು. ನನಗಿಂತ ಹೆಚ್ಚು ಅಂಕ ಪಡೆದವರು ಆಯ್ಕೆಯಾಗದೆ ಹೊರಗೇ ಉಳಿದರು. ಅವರೆಲ್ಲ ಆ ಪ್ರಶ್ನೆಗೆ, ನಾವೇ ಹೇಳುತ್ತೇವೆ ಎಂದು ಎದೆಯುಬ್ಬಿಸಿ ಉತ್ತರಿಸಿದ್ದರಂತೆ.

ಸುರಕ್ಷತಾ ವಿಭಾಗಕ್ಕೆ ತರಬೇತಿಯವಳಾಗಿ ಸೇರಿದೆ. ಆ ಮರಳುನಾಡಿನ ದಿನಗಳನ್ನು ನೆನೆದರೆ ಯಾವುದು ನಡೆದದ್ದು, ಯಾವುದು ನಾನು ಕಂಡ ಕನಸು ಎಂದು ಈಗಲೂ ಗೊಂದಲವಾಗುತ್ತದೆ. ಬೆಳಗಿನ ಜಾವ ಮರಳಿನ ಮೇಲೆ ತೆಳ್ಳಗೆ ಮಂಜು ನಿಲ್ಲುತ್ತಿತ್ತು. ರಿಗ್ಗಿನ ಬುಡ ಮುಚ್ಚಿ ಹೋಗಿ ಮೇಲಿನ ಅರ್ಧ ಮಾತ್ರ ನೆಲ ಬಿಟ್ಟು ತೇಲುತ್ತಿತ್ತು. ಮಧ್ಯಾಹ್ನವಾದರೆ ದೂರದಲ್ಲಿ ನೀರು ಹರಿದಂತೆ ಕಾಣುತ್ತಿತ್ತು. "ಅಕೋ, ಭೀಮಿ ಬಂದಾಳ," ಎಂದು ನಮ್ಮ ಕಡೆಯ ಭೀಮಾ ನದಿಯ ಹೆಸರು ಹೇಳುವರು ಕಾಕಾ, ತಮಾಷೆಗಲ್ಲ, ಯಾರೋ ಗುರುತಿನವರು ಬಂದರೆಂಬಂತೆ. ಊರಿನಿಂದ ತಂದ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ ಬಿಚ್ಚಿ ನನಗೂ ಕೊಡುವರು. ಇಬ್ಬರೂ ಆ ಸುಳ್ಳು ನದಿಯನ್ನು ನೋಡುತ್ತ ಉಣ್ಣುತ್ತಿದ್ದೆವು. ಸುತ್ತಲೂ ಯಂತ್ರದ ಗುಡುಗು. ಆದರೂ ನನ್ನ ನೆನಪಿನಲ್ಲಿ ಆ ಹೊತ್ತಿಗೆ ಸದ್ದೇ ಇಲ್ಲ.

ಕೊರೆಯುವಾಗ ಅವರು ಕೈಗವಸು ಕಳಚಿ ಪಕ್ಕದ ಕಂಬಿಯ ಮೇಲೆ ಅಂಗೈ ಇಡುತ್ತಿದ್ದರು. "ಕರಿಕಲ್ಲು ಮುಗೀತು. ಮೆತ್ತಂದು ಬಂತು," ಎನ್ನುವರು. ಸ್ವಲ್ಪ ಹೊತ್ತಿಗೆ ಕಂಪ್ಯೂಟರೂ ಅದನ್ನೇ ಹೇಳುತ್ತಿತ್ತು. ಪಕ್ಕದ ರಿಗ್ಗಿನವರು ದಿನಕ್ಕೆ ನಮಗಿಂತ ಹೆಚ್ಚು ಕೊರೆಯುತ್ತಾರೆ ಎಂದು ಮ್ಯಾನೇಜರು ಪ್ರತಿ ಸಭೆಯಲ್ಲೂ ಗೊಣಗುತ್ತಿದ್ದರು. ಕಾಕಾ ಕೈಕಟ್ಟಿ ಕೇಳಿಸಿಕೊಳ್ಳುವರು, ಹೊರಗೆ ಬಂದು, "ಕಲ್ಲಿಗಿ ಅವಸರ ಇಲ್ಲ, ನಮಗ್ಯಾಕ?" ಎಂದು ಮತ್ತೆ ತಮ್ಮ ಗತಿಯಲ್ಲೇ ಕೊರೆಯುವರು. ಹೊಗಳಿಕೆ, ಬೈಗುಳ ಎರಡೂ ಅವರಿಗೆ ಎಮ್ಮೆಯ ಮೇಲೆ ಮಳೆ ಸುರಿದಂತೆ.

ರಿಗ್ಗಿನಲ್ಲಿ ಒಂದು ನಿಯಮವಿದೆ. ಅಪಾಯ ಕಂಡರೆ ನಿನ್ನೆ ಸೇರಿದವನೂ ಎರಡು ಕೈ ಮೇಲೆತ್ತಿ ಅಡ್ಡ ಹಿಡಿದು, ನಿಲ್ಲಿ ಎಂದು ಕೂಗಬಹುದು. ಎದುರಿಗಿದ್ದವರು ಎಷ್ಟೇ ದೊಡ್ಡವರಾದರೂ ನಿಲ್ಲಬೇಕು. ಕಾಗದದ ಮೇಲೆ ಸುಲಭ. ಸೇರಿದ ಎರಡನೆಯ ವಾರ ಕಾಕಾ ನನ್ನ ಕಣ್ಣೆದುರೇ ಸೊಂಟದ ಬೆಲ್ಟಿನ ಕೊಕ್ಕೆ ಹಾಕದೆ ಏಣಿ ಹತ್ತತೊಡಗಿದರು. ನಾನು ನೋಡಿದೆ. ಅವರಿಗೆ ಗೊತ್ತಿಲ್ಲದ್ದು ಏನಿದೆ ಎಂದು ಸುಮ್ಮನಿದ್ದೆ. ನಾಲ್ಕು ಮೆಟ್ಟಿಲು ಹತ್ತಿದವರು ಹಾಗೇ ಇಳಿದು ಬಂದು, "ನಾ ಬಿದ್ದು ಸತ್ತಿದ್ರ ನಿನ್ನ ಮರ್ಯಾದಿ ತಗೊಂಡು ಏನ್ ಮಾಡ್ತಿದ್ದಿ? ನನ್ನ ಹೆಣದ ಮ್ಯಾಲ ಹೊದಸ್ತಿದ್ದೇನು?" ಎಂದು ಎಲ್ಲರೆದುರು ಬೈದರು. ಅಳು ಬಂತು. ಮರುದಿನ ಅವರು ಕೈಗವಸಿಲ್ಲದೆ ಹಗ್ಗ ಹಿಡಿದಾಗ ಕಣ್ಣುಮುಚ್ಚಿ ಕೈ ಅಡ್ಡ ಹಿಡಿದು ಕೂಗಿಯೇಬಿಟ್ಟೆ. ಅವರು ನಿಂತರು. ಇಡೀ ತಂಡಕ್ಕೆ ಚಹಾ ಕುಡಿಸಿದರು.

ಅಲ್ಲಿಗೆ ನಾನು ಕಲಿತೆ ಎಂದುಕೊಂಡಿದ್ದೆ, ಅವರೂ ಹಾಗೆಯೇ ಅಂದುಕೊಂಡಿದ್ದರು.

ಅವರು ರಜೆಗೆ ಊರಿಗೆ ಹೊರಟ ದಿನ. ಬೆಳಗಿನ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಕಾಕಾ ಬಿಳಿ ಅಂಗಿ ತೊಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ, ಚೀಲ ಹಿಡಿದು ಗೇಟಿನ ಬಳಿಯ ಜೀಪಿನ ಕಡೆ ನಡೆದಿದ್ದರು. ಮಗಳಿಗೆ ಹೆರಿಗೆಯಾಗಿತ್ತು, ಕೂಸನ್ನು ಇನ್ನೂ ನೋಡಿರಲಿಲ್ಲ. ನಾನು ಅವರಿಂದ ಇಪ್ಪತ್ತು ಹೆಜ್ಜೆ ಹಿಂದಿದ್ದೆ. ಪಕ್ಕದಲ್ಲಿ ಕ್ರೇನು ಪೈಪುಗಳ ಕಟ್ಟನ್ನು ಲಾರಿಯಿಂದ ಎತ್ತುತ್ತಿತ್ತು. ಅತ್ತ ಯಾರೂ ಹೋಗದಂತೆ ಕಟ್ಟಿದ್ದ ಅಡ್ಡಹಗ್ಗವನ್ನು ಜೀಪು ಬರಲೆಂದು ಯಾರೋ ಬಿಚ್ಚಿದ್ದರು. ಕಟ್ಟಿನ ಒಂದು ಕಡೆಯ ಬೆಲ್ಟು ಜಾರುತ್ತಿರುವುದು ನನಗೆ ಸ್ಪಷ್ಟವಾಗಿ ಕಂಡಿತು. ಪೈಪುಗಳ ತುದಿ ಬಹಳ ನಿಧಾನವಾಗಿ, ತೂಕಡಿಸುವವರ ತಲೆಯಂತೆ ಬಾಗುತ್ತಿತ್ತು. ಕಾಕಾ ಅದರ ಕಡೆಗೇ ನಡೆದಿದ್ದರು. ಅಂದು ಮಾತ್ರ ಅವರು ಮೇಲೆ ನೋಡಲಿಲ್ಲ.

ನಾನು ಬಾಯಿ ತೆರೆದೆ. ಧ್ವನಿ ಬರಲಿಲ್ಲ. ಹೊರಟವರನ್ನು ಹಿಂದಿನಿಂದ ಕರೆಯಬಾರದು. ನಮ್ಮ ಮನೆಯಲ್ಲಿ ಯಾರಾದರೂ ಊರಿಗೆ ಹೊರಟಾಗ ಏನಾದರೂ ನೆನಪಾದರೆ ಓಡಿಹೋಗಿ, ಅವರನ್ನು ದಾಟಿ, ಮುಂದೆ ನಿಂತು ಹೇಳಬೇಕು. ಚಿಕ್ಕವಳಿದ್ದಾಗ ಅಪ್ಪನನ್ನು ಹಿಂದಿನಿಂದ ಕೂಗಿದ್ದಕ್ಕೆ ಆಯಿ ನನ್ನ ಬಾಯಿ ಮೇಲೆ ಹೊಡೆದಿದ್ದಳು. ಇದೆಲ್ಲ ನಾನು ಯೋಚಿಸಿದೆ ಎಂದಲ್ಲ. ನನ್ನ ಕಾಲುಗಳೇ ಯೋಚಿಸಿದವು. ನಾನು ಕೂಗುವುದನ್ನು ಬಿಟ್ಟು, ಅವರನ್ನು ಸುತ್ತಿ ಮುಂದೆ ಹೋಗಿ ನಿಲ್ಲಲು ಮರಳಿನಲ್ಲಿ ಓಡಿದೆ.

ಅವರ ಮುಖ ಕಾಣುವಷ್ಟು ಮುಂದೆ ಹೋಗುವ ಹೊತ್ತಿಗೆ ಪೈಪುಗಳು ಬಿದ್ದವು. ಒಂದು ನೆಲಕ್ಕೆ ಬಡಿದು, ಪುಟಿದು, ಅವರ ಬಲಗಾಲನ್ನು ಮೊಣಕಾಲಿನ ಕೆಳಗೆ ಮುರಿಯಿತು. ನಾನು ಕೂಗಿ, ಅವರು ಎರಡು ಹೆಜ್ಜೆ ಹಿಂದೆಯೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ.

ಗೇಟಿನ ಬಳಿ ಒಂದು ಹಲಗೆ ಇತ್ತು. ಅಪಘಾತವಿಲ್ಲದೆ ಎಷ್ಟು ದಿನ ಕಳೆಯಿತು ಎಂದು ಅದರ ಮೇಲೆ ದಿನಾ ಬರೆಯುತ್ತಿದ್ದರು. ಆ ಲೆಕ್ಕ ಇನ್ನೊಂದು ವಾರ ಮುರಿಯದಿದ್ದರೆ ನಮ್ಮ ರಿಗ್ಗಿಗೆ ಕಂಪನಿಯ ವರ್ಷದ ಪ್ರಶಸ್ತಿ ಸಿಗುತ್ತಿತ್ತು. ಮ್ಯಾನೇಜರು ನನ್ನನ್ನು ಕರೆದು ಸಮಾಧಾನದಿಂದಲೇ ಹೇಳಿದರು: ಉಸ್ತಾದರ ಡ್ಯೂಟಿ ಮುಗಿದಿತ್ತು, ಗೇಟು ದಾಟಿದ ಮೇಲೆ ಜೀಪು ಹತ್ತುವಾಗ ಬಿದ್ದರು ಎಂದು ವರದಿ ಬರೆದುಬಿಡು. ನಿನ್ನ ನೌಕರಿಯೂ ಇನ್ನೂ ಖಾಯಂ ಆಗಿಲ್ಲ, ಸುರಕ್ಷತೆಯವಳು ನೋಡಿಯೂ ಕೂಗಲಿಲ್ಲ ಎಂದಾದರೆ ಏನಾಗುತ್ತದೆ ಗೊತ್ತಲ್ಲ. ಗೊತ್ತಿತ್ತು. ಮನೆಯಲ್ಲಿ ಸಂಬಳದ ಕೆಲಸ ಹಿಡಿದ ಮೊದಲನೆಯವಳು ನಾನು. ಬಳಿಚಕ್ರಕ್ಕೆ ತಿರುಗಿ ಹೋದರೆ ಮದುವೆ ಮಾಡಿ ಕಳಿಸುವುದೊಂದೇ ಉಳಿದಿತ್ತು.

ಖಾಲಿ ಹಾಳೆ ಹಿಡಿದು ಆಸ್ಪತ್ರೆಗೆ ಹೋದೆ. ಕಾಕಾ ಕಾಲಿಗೆ ಪಟ್ಟಿ ಸುತ್ತಿಕೊಂಡು, ಔಷಧದ ಮಂಪರಿನಲ್ಲಿ ಮೇಲಿನ ಫ್ಯಾನು ನೋಡುತ್ತ ಮಲಗಿದ್ದರು.

"ನೀ ಎಲ್ಲಿದ್ದಿ ಆವಾಗ?" ಎಂದರು.

"ನಿಮ್ಮ ಹಿಂದನ ಇದ್ದೆ ಕಾಕಾ."

"ನೋಡಿದೇನು?"

"ನೋಡಿದೆ. ಹೊಂಟವರನ್ನ ಹಿಂದಿಂದ ಕರೀಬಾರದಂತ... ಮುಂದ ಬಂದು ಹೇಳಬೇಕಂತ ಓಡಿದೆ."

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ನಗತೊಡಗಿದರು. ಕಾಲು ನೋಯುವವರೆಗೂ ನಕ್ಕರು. "ನಮ್ಮವ್ವನೂ ಹಂಗ ಅಂತಿದ್ಲು ನೋಡು," ಎಂದು ಕಣ್ಣೊರೆಸಿಕೊಂಡರು. "ಅದನ್ನ ಬರಿ."

"ನೌಕರಿ ಹೋಗ್ತದ ಕಾಕಾ."

"ಹೋಗ್ಲಿ. ನಮ್ಮ ಕಡಿ ಹುಡುಗ್ರನ್ನ ಹುಡುಕಿ ಹುಡುಕಿ ತರಾಕತ್ತಾರ. ಎಲ್ಲಾರ ಮನ್ಯಾಗೂ ಒಬ್ಬಾಕಿ ಆಯಿ ಇರ್ತಾಳ. ನೀ ಇದನ್ನ ಬರೀಲಿಲ್ಲಂದ್ರ ಇನ್ನೊಬ್ಬಾಂವ ಹಿಂಗ ಓಡ್ತಾನ, ಅವನ ಮುಂದಿನಾಂವ ಸಾಯ್ತಾನ." ನನ್ನ ಹಾಳೆಯ ಕಡೆ ಕೈ ತೋರಿಸಿ, "ನಂದೂ ಬರಿ. ಮನಿ ನೆನಪಿನ್ಯಾಗ ಮ್ಯಾಲ ನೋಡ್ಲಿಲ್ಲಂತ ಬರಿ. ಸುಳ್ಳು ಬರದ ಕೈಲಿ ಊಟ ಸೇರಂಗಿಲ್ಲ," ಎಂದರು.

ಅವರ ಮಂಚದ ಪಕ್ಕ ಕೂತೇ ಬರೆದೆ. ಹಗ್ಗ ಬಿಚ್ಚಿದ್ದು, ಬೆಲ್ಟು ಜಾರಿದ್ದು, ಅವರು ಮೇಲೆ ನೋಡದ್ದು, ನಾನು ಕೂಗದೆ ಓಡಿದ್ದು, ಯಾಕೆ ಓಡಿದೆ ಎಂಬುದು. ಹಲಗೆಯ ಮೇಲೆ ಸೊನ್ನೆ ಬಿತ್ತು. ಊಟದ ಮನೆಯಲ್ಲಿ ನಾನು ಕೂತ ಮೇಜಿಗೆ ಬಹಳ ದಿನ ಯಾರೂ ಬರಲಿಲ್ಲ. ನಾನು ಪೆಟ್ಟಿಗೆ ಕಟ್ಟಿಕೊಂಡು, ಕೆಲಸದಿಂದ ತೆಗೆದ ಪತ್ರಕ್ಕಾಗಿ ಕಾದೆ. ಪತ್ರ ಬಂತು. ಹೊಸದಾಗಿ ಸೇರುವವರಿಗೆ ಪಾಠ ಹೇಳುವ ತರಬೇತಿ ಕೇಂದ್ರಕ್ಕೆ ನನ್ನನ್ನು ಹಾಕಿದ್ದರು, ಅದೂ ಖಾಯಂ ಆಗಿ. ಸತ್ಯಕ್ಕೆ ಇಷ್ಟು ಬೆಲೆಯಿದೆಯೇ ಎಂದು ನನಗೇ ಆಶ್ಚರ್ಯವಾಯಿತು. ಒಳಗೊಳಗೇ ಸ್ವಲ್ಪ ಸೊಕ್ಕೂ ಬಂದಿರಬೇಕು.

ಕಾಕಾ ಕುಂಟುತ್ತ ಶಿರವಾಳಕ್ಕೆ ಹೋದರು. "ಸಾಕಾಗ್ಯಾದವ್ವ. ಹೊಲಾ ನೋಡ್ಕೋತ ಆರಾಮ ಇರ್ತೀನಿ," ಎಂದರು. ನಾನು ನಂಬಿದೆ. ಪ್ರತಿ ರಜೆಯಲ್ಲೂ ಹೋಗಿ ಕಾಣುತ್ತಿದ್ದೆ. ಹಳೆಯ ಗುಡಿಗಳ ನಡುವೆ ಒಂದು ಕಲ್ಲಿನ ಮೇಲೆ, ಸಂಜೆಯ ಹಳದಿ ಬೆಳಕಿನಲ್ಲಿ, ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಇರುತ್ತಿದ್ದರು. ಈ ಸಲ ಎಷ್ಟು ಹುಡುಗರು ಬಂದಿದ್ದಾರೆ, ಸುರಪುರದ ಕಡೆಯವರು ಯಾರು, ಮೊದಲ ದಿನ ಏನು ಹೇಳಿಕೊಟ್ಟೆ ಎಂದು ಒಂದೊಂದಾಗಿ ಕೇಳುವರು. ನನ್ನ ಮೇಲಿನ ಪ್ರೀತಿಗೆ ಕೇಳುತ್ತಾರೆ ಎಂದುಕೊಂಡು ನಾನು ಮೆರೆದು ಹೇಳುತ್ತಿದ್ದೆ.

ಹೋದ ವರ್ಷ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ನಾನು ಶಿರವಾಳ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಕಾಕಿ, ಅವರ ಹೆಂಡತಿ, ಟ್ರಂಕಿನಿಂದ ಒಂದು ಲಕೋಟೆ ತೆಗೆದು ಕೊಟ್ಟರು. "ಇಂಗ್ಲಿಷ್ ಅದವ್ವ, ಏನದ ನೋಡು. ಜ್ವಾಪಾನ ಇಟ್ಟಿದ್ರು."

ಕಂಪನಿಯ ಪತ್ರ. ಕಾಲು ಮುರಿದ ಎರಡು ತಿಂಗಳಿಗೆ ಬಂದದ್ದು. ನಿಮ್ಮ ಅನುಭವವನ್ನು ಗೌರವಿಸಿ ತರಬೇತಿ ಕೇಂದ್ರದಲ್ಲಿ ಕೂತು ಕಲಿಸುವ ಕೆಲಸವನ್ನು ನಿಮಗೆ ಕೊಡುತ್ತಿದ್ದೇವೆ ಎಂದು ಅದರಲ್ಲಿತ್ತು. ನನ್ನದೇ ಹುದ್ದೆ. ಮೇಲೆ ಅವರ ಹೆಸರು.

"ಸಾಕಾಗ್ಯಾದ, ಹೊಲಾ ನೋಡ್ಕೋತ ಇರ್ತೀನಂತ ಅಂದಿದ್ರಲ್ಲ ಕಾಕಿ?" ಎಂದೆ.

"ಎಲ್ಲಿ ಹೊಲಾ? ಅವರಿಗಿ ಊರಾಗ ಜೀವ ನಿಲ್ತಿರಲಿಲ್ಲ. ಆ ಮಿಷನ್ನಿನ ಸಪ್ಪಳಿಲ್ದ ನಿದ್ದಿ ಬರ್ತಿರಲಿಲ್ಲ. ನನ್ನ ಮುಂದನ ಫೋನ್ ಹಚ್ಚಿ ಸಾಹೇಬಗ ಅಂದ್ರು, ಆ ಹುಡುಗಿನ್ನ ತಗದು ಹಾಕಾಕತ್ತೀರಂತಲ್ಲ, ನನಗ ಬ್ಯಾಡ, ಈ ಕೆಲಸ ಆಕಿಗಿ ಕೊಡ್ರಿ, ತಪ್ಪು ಹೆಂಗ ಆಗ್ತದಂತ ನನಗಿಂತ ಆಕಿಗಿ ಗೊತ್ತದ ಅಂತ. ಫೋನ್ ಇಟ್ಟು ಮೂರು ದಿನ ನನ್ನ ಕೂಡನೂ ಮಾತಾಡಲಿಲ್ಲ."

ಆ ಕುರ್ಚಿಯಲ್ಲಿ ನಾನು ಆರು ವರ್ಷದಿಂದ ಕೂತಿದ್ದೇನೆ ಎಂದಷ್ಟೇ, ತಪ್ಪೊಪ್ಪಿಕೊಂಡವಳಂತೆ ಹೇಳಿದೆ.

"ಗೊತ್ತದವ್ವ," ಎಂದರು ಕಾಕಿ, ಲಕೋಟೆಯನ್ನು ಮಡಿಸುತ್ತ. "ದಿನಾ ಮುಂಜಾನಿ ಹತ್ತು ಹೊಡೀತಂದ್ರ ಅಂತಿದ್ರು, ಈಗ ಆಕಿ ಕ್ಲಾಸ್ ಚಾಲೂ ಮಾಡಿರ್ತಾಳ ಅಂತ."